ದುಡ್ಡು ಕೊಟ್ರೆ ಸ್ವರ್ಗ ಸಿಗುತ್ತಾ? ಯುರೋಪನ್ನೇ ಅಲುಗಾಡಿಸಿದ ಸನ್ಯಾಸಿ ಮಾರ್ಟಿನ್ ಲೂಥರ್ ಜೀವನ ಕಥೆ

ಅಕ್ಟೋಬರ್ 31 ಬಂತು ಅಂದ್ರೆ ಪ್ರಾಟೆಸ್ಟೆಂಟ್ ಚರ್ಚ್‌ಗಳಲ್ಲಿ ಸುಧಾರಣಾ ದಿನ. 1517ರಲ್ಲಿ ಇದೇ ದಿನ ಜರ್ಮನಿಯ ವಿಟೆನ್‌ಬರ್ಗ್ ಅನ್ನೋ ಸಣ್ಣ ಊರಿನ ಸನ್ಯಾಸಿಯೊಬ್ಬರು ತಮ್ಮ ಮೇಲಿನ ಆರ್ಚ್‌ಬಿಷಪ್‌ಗೆ ಒಂದು ಪತ್ರ ಬರೆದರು. ಜೊತೆಗೆ 95 ಅಂಶಗಳ ಒಂದು ಪಟ್ಟಿ ಇಟ್ಟರು. ಆ ಪತ್ರ ಬರೆದವರೇ ಮಾರ್ಟಿನ್ ಲೂಥರ್.

ಮಾರ್ಟಿನ್ ಲೂಥರ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ಅಮೆರಿಕದ ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ನೆನಪಾಗುತ್ತಾರೆ. ಅವರು ಬೇರೆ, ಇವರು ಬೇರೆ. ಆದ್ರೆ ಸಂಬಂಧ ಇದೆ. ಕಿಂಗ್ ಅವರ ತಂದೆ 1934ರಲ್ಲಿ ಜರ್ಮನಿಗೆ ಹೋಗಿ ಬಂದ ಮೇಲೆ ಈ ಸನ್ಯಾಸಿಯ ಹೆಸರನ್ನೇ ತಮಗೂ ಮಗನಿಗೂ ಇಟ್ಟುಕೊಂಡರು.

ಲೂಥರ್ ಎತ್ತಿದ ಪ್ರಶ್ನೆ ಸರಳ. ಮನುಷ್ಯನಿಗೆ ದೇವರ ಮುಂದೆ ರಕ್ಷಣೆ ಸಿಗೋದು ಅವನು ಮಾಡಿದ ಒಳ್ಳೆ ಕೆಲಸದಿಂದಲೋ, ಇಲ್ಲ ಬರೀ ನಂಬಿಕೆಯಿಂದಲೋ? ಇದೊಂದು ಪ್ರಶ್ನೆಗೆ ಉತ್ತರ ಹುಡುಕ್ತಾ ಹೋಗಿ ಸಾವಿರ ವರ್ಷ ಒಂದಾಗಿದ್ದ ಪಶ್ಚಿಮ ಯುರೋಪಿನ ಚರ್ಚ್ ಎರಡಾಯಿತು.

ಗಣಿ ಕುಟುಂಬದ ಹುಡುಗ

ಲೂಥರ್ ಹುಟ್ಟಿದ್ದು 1483ರ ನವೆಂಬರ್ 10ರಂದು, ಜರ್ಮನಿಯ ಐಸ್ಲೆಬೆನ್ ಊರಲ್ಲಿ. ಮಾರನೇ ದಿನ ಸಂತ ಮಾರ್ಟಿನ್ ಹಬ್ಬ. ಅವತ್ತೇ ಮಗುವಿಗೆ ದೀಕ್ಷಾಸ್ನಾನ ಮಾಡಿಸಿ ಆ ಸಂತನ ಹೆಸರನ್ನೇ ಇಟ್ಟರು. ತಂದೆ ಹಾನ್ಸ್ ರೈತರ ಮಗ. ತಾಮ್ರದ ಗಣಿ ಕೆಲಸಕ್ಕೆ ಬಂದು, ಕಷ್ಟಪಟ್ಟು ಮೇಲೆ ಬಂದು, ತಾಮ್ರ ಕರಗಿಸೋ ಕುಲುಮೆಗಳನ್ನು ಗುತ್ತಿಗೆ ಹಿಡಿದವರು. ತಾಯಿ ಮಾರ್ಗರೆಟಾ. ಮನೆಯಲ್ಲಿ ಶಿಸ್ತು ಜಾಸ್ತಿ, ಪೆಟ್ಟೂ ಬೀಳುತ್ತಿತ್ತು.

ಮಗ ಓದಿ ವಕೀಲ ಆಗಲಿ ಅನ್ನೋದು ಹಾನ್ಸ್ ಅವರ ಆಸೆ. ಐಸೆನಾಖ್ ಊರಲ್ಲಿ ಓದುವಾಗ ಹುಡುಗ ಮನೆ ಮನೆ ಮುಂದೆ ಹಾಡಿ ಊಟ ಸಂಪಾದಿಸಿದ್ದೂ ಉಂಟು. 1501ರಲ್ಲಿ ಎರ್‌ಫರ್ಟ್ ವಿಶ್ವವಿದ್ಯಾಲಯ ಸೇರಿ 1505ರ ಹೊತ್ತಿಗೆ ಎಂ.ಎ. ಮುಗಿಸಿದರು. ಕಾನೂನು ಓದೋಕೂ ಸೇರಿದರು.

ಅದೇ ವರ್ಷ ಜುಲೈ 2. ಊರಿಂದ ಎರ್‌ಫರ್ಟ್‌ಗೆ ವಾಪಸ್ ಬರ್ತಾ ಇದ್ದಾಗ ಸ್ಟೊಟರ್ನ್‌ಹೈಮ್ ಹತ್ತಿರ ಸಿಡಿಲು ಬಡಿಯಿತು. ಜೀವ ಭಯದಲ್ಲಿ ಗಣಿಗಾರರ ಪಾಲಿನ ಸಂತೆ ಅನ್ನಾಗೆ ಹರಕೆ ಹೊತ್ತರು, ಬದುಕಿದರೆ ಸನ್ಯಾಸಿ ಆಗ್ತೀನಿ ಅಂತ. ಹದಿನೈದು ದಿನದಲ್ಲಿ ಹರಕೆ ತೀರಿಸಿ ಎರ್‌ಫರ್ಟ್‌ನ ಅಗಸ್ಟೀನಿಯನ್ ಮಠ ಸೇರಿಬಿಟ್ಟರು. ಮಗನ ಓದಿಗೆ ದುಡ್ಡು ಸುರಿದಿದ್ದ ಹಾನ್ಸ್‌ಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಠದಲ್ಲಿ ಮುಗಿಯದ ಲೆಕ್ಕ

ಮಠದಲ್ಲಿ ಲೂಥರ್ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಉಪವಾಸ, ರಾತ್ರಿ ಜಾಗರಣೆ, ಚಳಿಯಲ್ಲಿ ಹೊದಿಕೆ ಇಲ್ಲದೆ ಮಲಗೋದು, ಎಲ್ಲ ಮಾಡಿದರು. 1507ರಲ್ಲಿ ಪಾದ್ರಿ ಪಟ್ಟವೂ ಆಯಿತು. ಪಾಪ ನಿವೇದನೆಗೆ ಕೂತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಹೇಳಿ ಮುಗಿಸಿ ಹೊರಗೆ ಬಂದ ಮೇಲೆ ಇನ್ನೊಂದು ಪಾಪ ನೆನಪಾಗಿ ಮತ್ತೆ ಓಡುತ್ತಿದ್ದರು. ಕೇಳಿ ಕೇಳಿ ಸುಸ್ತಾದವರು ಅವರ ಗುರು ಯೋಹಾನ್ ಸ್ಟೌಪಿಟ್ಸ್.

ಲೂಥರ್‌ಗೆ ಯಾಕೆ ಇಷ್ಟು ಭಯ? ಆಗ ಅವರು ಕಲಿತಿದ್ದ ಪಾಠ ಹೀಗಿತ್ತು: ಮನುಷ್ಯ ತನ್ನ ಕೈಲಾದಷ್ಟು ಮಾಡಬೇಕು, ಮಾಡಿದರೆ ದೇವರು ತನ್ನ ಕೃಪೆಯನ್ನು ತಡೆಹಿಡಿಯಲ್ಲ. ಕೇಳೋಕೆ ಚೆನ್ನಾಗಿದೆ. ಆದ್ರೆ ಕೈಲಾದಷ್ಟು ಅಂದ್ರೆ ಎಷ್ಟು? ಅಂಗಡಿ ಲೆಕ್ಕ ಆದ್ರೆ ಸಂಜೆ ಕೂಡಿ ಕಳೆದು ಬಾಕಿ ಎಷ್ಟು ಅಂತ ನೋಡಬಹುದು. ದೇವರ ಹತ್ತಿರ ಇರೋ ಖಾತೆಯಲ್ಲಿ ಬಾಕಿ ತೀರಿದೆಯೋ ಇಲ್ಲವೋ ಅನ್ನೋದು ಲೂಥರ್‌ಗೆ ಗೊತ್ತಾಗಲೇ ಇಲ್ಲ. ಒಳ್ಳೆ ಕೆಲಸ ಮಾಡುವಾಗಲೂ ತಾನು ನರಕದ ಹೆದರಿಕೆಗೆ ಮಾಡ್ತಿದ್ದೀನಾ ಅಂತ ಅನುಮಾನ. ಹಾಗೆ ಮಾಡಿದ್ರೆ ಅದು ದೇವರ ಮೇಲಿನ ಪ್ರೀತಿ ಹೇಗಾಗುತ್ತೆ, ಬರೀ ಸ್ವಾರ್ಥ ಅಲ್ವಾ ಅನ್ನೋ ಚಿಂತೆ.

ಸ್ಟೌಪಿಟ್ಸ್ ಒಂದು ಉಪಾಯ ಮಾಡಿದರು. ಈ ಸನ್ಯಾಸಿಯನ್ನು ವಿಟೆನ್‌ಬರ್ಗ್‌ನ ಹೊಸ ವಿಶ್ವವಿದ್ಯಾಲಯಕ್ಕೆ ಬೈಬಲ್ ಪಾಠ ಮಾಡೋಕೆ ಹಾಕಿದರು. 1512ರಲ್ಲಿ ಲೂಥರ್ ಡಾಕ್ಟರೇಟ್ ಪಡೆದರು. ಕೀರ್ತನೆಗಳು, ಆಮೇಲೆ ಸಂತ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆ, ಹೀಗೆ ಒಂದೊಂದೇ ಪುಸ್ತಕ ಪಾಠ ಮಾಡ್ತಾ ಹೋದರು.

ರೋಮಾಪುರದವರ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ದೇವರ ನೀತಿ ಅನ್ನೋ ಮಾತು ಬರುತ್ತೆ. ಅಲ್ಲಿವರೆಗೂ ಲೂಥರ್ ಅದನ್ನು ಜಡ್ಜ್ ಕೊಡೋ ತೀರ್ಪಿನ ಹಾಗೆ, ಪಾಪಿಗೆ ಶಿಕ್ಷೆ ಕೊಡೋ ನೀತಿ ಅಂತ ತಿಳಿದಿದ್ದರು. ಓದ್ತಾ ಓದ್ತಾ ಅರ್ಥ ತಿರುಗಿತು. ಅದು ದೇವರು ಮನುಷ್ಯನಿಂದ ಕೇಳೋ ನೀತಿ ಅಲ್ಲ, ಮನುಷ್ಯನಿಗೆ ಪುಕ್ಕಟೆಯಾಗಿ ಕೊಡೋ ನೀತಿ. ಕ್ರಿಸ್ತನನ್ನು ನಂಬಿದವನನ್ನು ದೇವರು ನೀತಿವಂತ ಅಂತ ಎಣಿಸ್ತಾನೆ. ಬಾಕಿ ತೀರಿಸೋದು ಸಾಲಗಾರನ ಕೈಲಿ ಇಲ್ಲವೇ ಇಲ್ಲ, ಅದನ್ನು ಬೇರೊಬ್ಬ ತೀರಿಸಿ ಆಗಿದೆ. ಲೂಥರ್ ಬದುಕಿನ ತಿರುವು ಇದೇ.

ಬ್ಯಾಂಕ್ ಸಾಲ ಮತ್ತು ಕ್ಷಮಾಪತ್ರ

ಇದೇ ಹೊತ್ತಿಗೆ ಅಕ್ಕಪಕ್ಕದ ಊರುಗಳಲ್ಲಿ ಒಂದು ಜೋರು ವ್ಯಾಪಾರ ಶುರುವಾಗಿತ್ತು. ಅದೇ ಕ್ಷಮಾಪತ್ರ. ಚರ್ಚ್‌ನ ಬೋಧನೆ ಪ್ರಕಾರ ಪಾಪ ನಿವೇದನೆ ಮಾಡಿ ಕ್ಷಮೆ ಪಡೆದ ಮೇಲೂ ಪಾಪದ ತಾತ್ಕಾಲಿಕ ಶಿಕ್ಷೆ ಉಳಿದಿರುತ್ತೆ. ಭೂಮಿ ಮೇಲೆ ತೀರದಿದ್ದರೆ ಸತ್ತ ಮೇಲೆ ಶುದ್ಧೀಕರಣ ಸ್ಥಳದಲ್ಲಿ ತೀರಬೇಕು. ಆ ಶಿಕ್ಷೆಗೆ ಮಾಫಿ ಕೊಡೋ ಪತ್ರ ಇದು. ಶಾಸ್ತ್ರದಲ್ಲಿ ಅದು ಪಾಪದ ಮಾರಾಟ ಆಗಿರಲಿಲ್ಲ. ಆದ್ರೆ ಸಂತೆಯಲ್ಲಿ ಆಗಿದ್ದು ಮಾರಾಟವೇ.

ಅದರ ಹಿಂದಿನ ಲೆಕ್ಕಾಚಾರ ನೋಡಿ. ಆಲ್ಬ್ರೆಕ್ಟ್ ಅನ್ನೋ ರಾಜಮನೆತನದ ಯುವಕ ಆಗಲೇ ಮ್ಯಾಗ್ಡೆಬರ್ಗ್‌ನ ಆರ್ಚ್‌ಬಿಷಪ್. 1514ರಲ್ಲಿ ಮೈನ್ಸ್ ಆರ್ಚ್‌ಬಿಷಪ್ ಪಟ್ಟವನ್ನೂ ಹಿಡಿದ. ಇಷ್ಟು ಪಟ್ಟ ಒಬ್ಬನೇ ಇಟ್ಟುಕೊಳ್ಳೋಕೆ ರೋಮ್‌ಗೆ ದೊಡ್ಡ ಮೊತ್ತ ಕಟ್ಟಬೇಕಿತ್ತು. ಅದಕ್ಕೆ ಆಗ್ಸ್‌ಬರ್ಗ್‌ನ ಫುಗ್ಗರ್ ಬ್ಯಾಂಕಿನಲ್ಲಿ ಭಾರಿ ಸಾಲ ತೆಗೆದ. ಸಾಲ ತೀರಿಸೋಕೆ ಪೋಪ್ ಹತ್ತನೇ ಲಿಯೋ ದಾರಿ ತೋರಿಸಿದರು. ರೋಮ್‌ನ ಸಂತ ಪೇತ್ರನ ಮಹಾದೇವಾಲಯ ಕಟ್ಟೋ ಹೆಸರಲ್ಲಿ ಕ್ಷಮಾಪತ್ರ ಹಂಚೋದು, ಬಂದ ಹಣದಲ್ಲಿ ಅರ್ಧ ರೋಮ್‌ಗೆ, ಇನ್ನರ್ಧ ಸಾಲಕ್ಕೆ.

ಹಣ ಕೊಟ್ಟ ಬಡ ಜನಕ್ಕೆ ಬ್ಯಾಂಕ್ ಸಾಲದ ವಿಷಯ ಗೊತ್ತೇ ಇರಲಿಲ್ಲ. ಆಗ ಲೂಥರ್‌ಗೂ ಗೊತ್ತಿರಲಿಲ್ಲ.

ಊರೂರು ಸುತ್ತಿ ಪ್ರಚಾರ ಮಾಡಿದವರು ಯೋಹಾನ್ ಟೆಟ್ಜೆಲ್ ಅನ್ನೋ ಡೊಮಿನಿಕನ್ ಸನ್ಯಾಸಿ. ಮಾತಿನ ಮಲ್ಲ. ಸತ್ತ ಅಪ್ಪ ಅಮ್ಮನ ಆತ್ಮಕ್ಕೂ ಪತ್ರ ತೆಗೆದುಕೊಳ್ಳಬಹುದಿತ್ತು. ಅಂತಸ್ತು ನೋಡಿ ದರ. ರಾಜರು, ಬಿಷಪ್‌ಗಳಿಗೆ 25 ಚಿನ್ನದ ನಾಣ್ಯ, ಕೆಳಗೆ ಇಳಿದ ಹಾಗೆ ಕಡಿಮೆ. ಏನೂ ಇಲ್ಲದವರು ಪ್ರಾರ್ಥನೆ ಉಪವಾಸ ಮಾಡಿದರೂ ಆಗುತ್ತೆ ಅಂತ ನಿಯಮದಲ್ಲಿ ಇತ್ತು.

ವಿಟೆನ್‌ಬರ್ಗ್ ಇದ್ದ ಸ್ಯಾಕ್ಸನಿಗೆ ಅಲ್ಲಿನ ದೊರೆ ಫ್ರೆಡರಿಕ್ ಟೆಟ್ಜೆಲ್ ಅವರನ್ನು ಬಿಡಲಿಲ್ಲ. ಇದು ಬರೀ ಧರ್ಮದ ಕಾಳಜಿ ಅಲ್ಲ. ಫ್ರೆಡರಿಕ್ ಹತ್ತಿರವೇ ಸಂತರ ಮೂಳೆ, ಬಟ್ಟೆ ಚೂರು ಅಂತ ಸಾವಿರಾರು ಪವಿತ್ರ ವಸ್ತುಗಳ ಸಂಗ್ರಹ ಇತ್ತು. 1520ರ ಹೊತ್ತಿಗೆ 19 ಸಾವಿರ ದಾಟಿತ್ತು. ಅದನ್ನು ನೋಡಿ ಕಾಣಿಕೆ ಹಾಕಿದವರಿಗೂ ಶಿಕ್ಷೆಯಿಂದ ಮಾಫಿ ಸಿಗುತ್ತಿತ್ತು. ತಮ್ಮ ಊರಿನ ವ್ಯಾಪಾರ ಬೇರೆಯವರ ಪಾಲಾಗೋದು ಯಾರಿಗೆ ಇಷ್ಟ? ಆದ್ರೂ ವಿಟೆನ್‌ಬರ್ಗ್ ಜನ ಗಡಿ ದಾಟಿ ಯೂಟರ್‌ಬೋಗ್‌ಗೆ ಹೋಗಿ ಪತ್ರ ತಂದರು. ಇನ್ನು ಪಶ್ಚಾತ್ತಾಪ ಯಾಕೆ ಅಂತ ಲೂಥರ್ ಮುಂದೆ ಪತ್ರ ಹಿಡಿದರು. ಆಗ ಲೂಥರ್ ಸುಮ್ಮನೆ ಕೂರಲಿಲ್ಲ.

95 ಅಂಶಗಳು

ಚರ್ಚ್ ಬಾಗಿಲಿಗೆ ಮೊಳೆ ಹೊಡೆದು ಪಟ್ಟಿ ಅಂಟಿಸಿದ್ದು ನಿಜವೋ ಅಲ್ಲವೋ ಅನ್ನೋದರ ಬಗ್ಗೆ ಇತಿಹಾಸಕಾರರಲ್ಲಿ ಈಗಲೂ ಚರ್ಚೆ ಇದೆ. ಆದ್ರೆ ಆ ದಿನ ಆಲ್ಬ್ರೆಕ್ಟ್‌ಗೆ ಪತ್ರ ಹೋಗಿದ್ದಂತೂ ನಿಜ. 95 ಅಂಶಗಳಲ್ಲಿ ಲೂಥರ್ ಕ್ಷಮಾಪತ್ರವನ್ನು ಪೂರ್ತಿ ತಳ್ಳಿಹಾಕಲೂ ಇಲ್ಲ. ಕ್ರೈಸ್ತನ ಇಡೀ ಬದುಕೇ ಪಶ್ಚಾತ್ತಾಪ ಆಗಿರಬೇಕು, ಅದನ್ನು ಒಂದು ಚೀಟಿ ತಂದು ಮುಗಿಸೋಕೆ ಆಗಲ್ಲ ಅನ್ನೋದು ಅವರ ವಾದ. ಬಡವನಿಗೆ ಕೊಡೋದು, ಕಷ್ಟದಲ್ಲಿ ಇರೋನಿಗೆ ಸಾಲ ಕೊಡೋದು ಪತ್ರ ಕೊಳ್ಳೋದಕ್ಕಿಂತ ಮೇಲು ಅಂತಲೂ ಬರೆದರು. ಮನೆಗೆ ಬೇಕಾದ ದುಡ್ಡನ್ನು ಇದಕ್ಕೆ ಸುರಿಯಬಾರದು ಅಂದರು.

ಬರೆದಿದ್ದು ಲ್ಯಾಟಿನ್ ಭಾಷೆಯಲ್ಲಿ, ಪಂಡಿತರ ಚರ್ಚೆಗೆ. ಆದ್ರೆ ಪ್ರಿಂಟಿಂಗ್ ಪ್ರೆಸ್ ಬಂದು ಆಗಲೇ ಅರವತ್ತು ವರ್ಷ ದಾಟಿತ್ತು. ಯಾರೋ ಜರ್ಮನ್‌ಗೆ ಅನುವಾದಿಸಿದರು, ಯಾರೋ ಅಚ್ಚು ಹಾಕಿದರು. ಕೆಲವೇ ವಾರದಲ್ಲಿ ದೇಶದ ತುಂಬ ಹಬ್ಬಿತು.

ಆಮೇಲಿನ ನಾಲ್ಕು ವರ್ಷ ಬಿರುಗಾಳಿ. 1518ರಲ್ಲಿ ಪೋಪರ ಪ್ರತಿನಿಧಿ ಕಾಯೆಟನ್ ಮುಂದೆ ವಿಚಾರಣೆ, 1519ರಲ್ಲಿ ಲೈಪ್ಸಿಗ್‌ನಲ್ಲಿ ಪಂಡಿತ ಯೋಹಾನ್ ಎಕ್ ಜೊತೆ ವಾದ. ಪೋಪರೂ ಸಭೆಗಳೂ ತಪ್ಪಬಹುದು, ಕೊನೆಯ ಮಾತು ಬೈಬಲ್ಲಿನದು ಅನ್ನೋವರೆಗೆ ಲೂಥರ್ ಹೋದರು. 1520ರಲ್ಲಿ ರೋಮ್‌ನಿಂದ ಎಚ್ಚರಿಕೆ ಆಜ್ಞೆ ಬಂತು. ಡಿಸೆಂಬರ್ 10ರಂದು ವಿಟೆನ್‌ಬರ್ಗ್ ಊರ ಬಾಗಿಲ ಹೊರಗೆ ಅದನ್ನು ಸುಟ್ಟರು. 1521ರ ಜನವರಿಯಲ್ಲಿ ಬಹಿಷ್ಕಾರ ಆಯಿತು. ಏಪ್ರಿಲ್‌ನಲ್ಲಿ ವರ್ಮ್ಸ್ ನಗರದಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮುಂದೆ ನಿಲ್ಲಿಸಿ ಬರೆದಿದ್ದನ್ನು ವಾಪಸ್ ತಗೊಳ್ಳಿ ಅಂದರು. ಒಂದು ದಿನ ಸಮಯ ಕೇಳಿ, ಮರುದಿನ ಆಗಲ್ಲ ಅಂದುಬಿಟ್ಟರು.

ಕಾನೂನಿನ ಪ್ರಕಾರ ಇನ್ನು ಯಾರು ಬೇಕಾದರೂ ಕೊಲ್ಲಬಹುದಿತ್ತು. ದೊರೆ ಫ್ರೆಡರಿಕ್ ಜನ ದಾರಿಯಲ್ಲಿ ಅಪಹರಣದ ನಾಟಕ ಮಾಡಿ ಲೂಥರ್ ಅವರನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟರು. ಗಡ್ಡ ಬಿಟ್ಟು, ಬೇರೆ ಹೆಸರಲ್ಲಿ ಅಲ್ಲಿದ್ದಾಗಲೇ ಹನ್ನೊಂದು ವಾರದಲ್ಲಿ ಹೊಸ ಒಡಂಬಡಿಕೆಯನ್ನು ಜನರಾಡುವ ಜರ್ಮನ್‌ಗೆ ತಂದರು. 1522ರ ಸೆಪ್ಟೆಂಬರ್‌ನಲ್ಲಿ ಅದು ಅಚ್ಚಾಯಿತು.

ಹಾಗಾದ್ರೆ ಒಳ್ಳೆ ಕೆಲಸ ಬೇಡ್ವಾ?

ಲೂಥರ್‌ಗೆ ಎದುರಾದ ದೊಡ್ಡ ಪ್ರಶ್ನೆ ಇದೇ. ನಂಬಿಕೆ ಒಂದೇ ಸಾಕು ಅಂದ್ರೆ ದಾನ ಧರ್ಮ ಯಾಕೆ, ಒಳ್ಳೆಯವನಾಗಿ ಬದುಕೋದು ಯಾಕೆ? ಕಳ್ಳನೂ ನಂಬ್ತೀನಿ ಅಂದ್ರೆ ಆಯ್ತಾ?

1520ರಲ್ಲೇ ಅವರು ಒಳ್ಳೆಯ ಕ್ರಿಯೆಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದೇ ವರ್ಷ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಇನ್ನೊಂದು. ಅವರ ಉತ್ತರದ ತಿರುಳು ಇಷ್ಟು: ಮರ ಒಳ್ಳೆಯದಾದರೆ ಹಣ್ಣು ತಾನಾಗೇ ಬರುತ್ತೆ, ಹಣ್ಣು ತಂದು ಕಟ್ಟಿದರೆ ಮರ ಒಳ್ಳೆಯದಾಗಲ್ಲ. ಒಳ್ಳೆ ಕೆಲಸ ರಕ್ಷಣೆಗೆ ಕಟ್ಟೋ ಬೆಲೆ ಅಲ್ಲ, ರಕ್ಷಣೆ ಸಿಕ್ಕವನಿಂದ ಹರಿದು ಬರೋದು. ದೇವರಿಗೆ ನಮ್ಮ ಕೆಲಸದ ಅಗತ್ಯ ಇಲ್ಲ, ಪಕ್ಕದ ಮನೆಯವನಿಗೆ ಇದೆ. ಸ್ವರ್ಗದ ಆಸೆಗೆ ಮಾಡಿದ ದಾನದಲ್ಲಿ ಬಡವ ಬರೀ ಮೆಟ್ಟಿಲು ಆಗ್ತಾನೆ. ಸ್ವರ್ಗದ ಚಿಂತೆ ತೀರಿದವನು ಮಾತ್ರ ಬಡವನನ್ನು ಬಡವ ಅಂತಲೇ ನೋಡಿ ಕೊಡ್ತಾನೆ.

ಇದರಿಂದ ಇನ್ನೊಂದು ಮಾತು ಹೊರಟಿತು. ಸನ್ಯಾಸಿಯ ಜಪ ಮೇಲು, ಚಮ್ಮಾರನ ಕೆಲಸ ಕೀಳು ಅನ್ನೋ ಲೆಕ್ಕ ಬಿದ್ದುಹೋಯಿತು. ನಂಬಿಕೆಯಿಂದ ಚಪ್ಪಲಿ ಹೊಲಿಯೋದು, ಮನೆ ಗುಡಿಸೋದು, ಮಗುವಿನ ಬಟ್ಟೆ ಒಗೆಯೋದು ಎಲ್ಲವೂ ದೇವರ ಸೇವೆಯೇ ಅಂತ ಲೂಥರ್ ಕಲಿಸಿದರು.

ಆದ್ರೆ ಬೈಬಲ್ಲಿನಲ್ಲೇ ಒಂದು ತೊಡಕು ಇತ್ತು. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು, ಮನುಷ್ಯ ಬರೀ ನಂಬಿಕೆಯಿಂದ ನೀತಿವಂತ ಆಗಲ್ಲ ಅಂತ ಯಾಕೋಬನ ಪತ್ರಿಕೆ ನೇರವಾಗಿ ಹೇಳುತ್ತೆ. ಲೂಥರ್‌ಗೆ ಇದು ನುಂಗಲಾರದ ತುತ್ತು. 1522ರ ಮುನ್ನುಡಿಯಲ್ಲಿ ಆ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದರು, ಮುಂದಿನ ಮುದ್ರಣಗಳಲ್ಲಿ ಆ ಮಾತು ತೆಗೆದರು. ಬೈಬಲ್ಲಿಂದ ಪತ್ರಿಕೆಯನ್ನು ತೆಗೆಯಲಿಲ್ಲ, ಆದ್ರೆ ಕೊನೆಗೆ ತಳ್ಳಿದರು. ಇನ್ನೊಂದು ಕಡೆ, ರೋಮಾಪುರದವರ ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ ಮೂಲದಲ್ಲಿ ಇಲ್ಲದ ಮಾತ್ರ ಅನ್ನೋ ಪದವನ್ನು ನಂಬಿಕೆಯ ಪಕ್ಕ ಸೇರಿಸಿದರು. ವಿರೋಧಿಗಳು ಇದನ್ನೇ ಹಿಡಿದು ಜಗ್ಗಾಡಿದರು. ಜರ್ಮನ್ ಭಾಷೆಯ ಜಾಯಮಾನಕ್ಕೆ ಅದು ಬೇಕು, ಅರ್ಥವೂ ಅದೇ ಅಂತ ಲೂಥರ್ ಸಮರ್ಥಿಸಿಕೊಂಡರು.

ಮಾತು ನೆಲಕ್ಕೆ ಇಳಿದಾಗ

ಬರೀ ಪುಸ್ತಕದಲ್ಲಿ ಉಳಿಯಲಿಲ್ಲ. 1523ರಲ್ಲಿ ಲೈಸ್ನಿಗ್ ಅನ್ನೋ ಊರಿನವರು ಚರ್ಚ್ ಆಸ್ತಿ, ಕಾಣಿಕೆ ಎಲ್ಲ ಒಂದು ಸಾಮಾನ್ಯ ಪೆಟ್ಟಿಗೆಗೆ ಹಾಕಿ ಅದರಿಂದ ಅನಾಥರು, ಮುದುಕರು, ಕೆಲಸ ಇಲ್ಲದವರಿಗೆ ನೆರವು, ಶಾಲೆಗೆ ಸಂಬಳ ಕೊಡೋ ವ್ಯವಸ್ಥೆ ಮಾಡಿದರು. ಲೂಥರ್ ಅದಕ್ಕೆ ಸಲಹೆ ಕೊಟ್ಟು ಮುನ್ನುಡಿ ಬರೆದರು. 1524ರಲ್ಲಿ ಹೆಣ್ಣು ಮಕ್ಕಳೂ ಸೇರಿ ಎಲ್ಲರಿಗೂ ಶಾಲೆ ತೆರೆಯಿರಿ ಅಂತ ನಗರಸಭೆಗಳಿಗೆ ಬರೆದರು. 1527ರಲ್ಲಿ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ದೊರೆ ಊರು ಬಿಡಿ ಅಂದರೂ ಬಿಡಲಿಲ್ಲ, ಮನೆಯನ್ನೇ ಆಸ್ಪತ್ರೆ ಮಾಡಿದರು. ಆಗ ಹೆಂಡತಿ ಗರ್ಭಿಣಿ.

ಹೆಂಡತಿ ಕಥೆಯೂ ದೊಡ್ಡದೇ. ಕಟರೀನಾ ಫಾನ್ ಬೋರಾ ಕನ್ಯಾಮಠದಲ್ಲಿದ್ದ ಸನ್ಯಾಸಿನಿ. 1523ರಲ್ಲಿ ಮೀನು ವ್ಯಾಪಾರಿಯೊಬ್ಬರ ಗಾಡಿಯಲ್ಲಿ ಗೆಳತಿಯರ ಜೊತೆ ತಪ್ಪಿಸಿಕೊಂಡು ಬಂದವರು. 1525ರ ಜೂನ್ 13ರಂದು ಇಬ್ಬರೂ ಮದುವೆಯಾದರು. ಆರು ಮಕ್ಕಳಾದವು. ಲೂಥರ್ ಪುಸ್ತಕಕ್ಕೆ ಸಂಭಾವನೆ ತಗೊಳ್ಳುತ್ತಿರಲಿಲ್ಲ, ಬಂದವರಿಗೆಲ್ಲ ಕೊಟ್ಟುಬಿಡುತ್ತಿದ್ದರು. ಮನೆ ನಡೆದಿದ್ದು ಕಟರೀನಾರಿಂದ. ತೋಟ, ಹಂದಿ ದನ ಸಾಕಣೆ, ಬಿಯರ್ ತಯಾರಿ, ವಿದ್ಯಾರ್ಥಿಗಳಿಗೆ ಊಟ ವಸತಿ, ಎಲ್ಲ ವ್ಯವಹಾರ ಆಕೆಯದು.

ಆದ್ರೆ ಲೂಥರ್ ಹೇಳಿದ್ದನ್ನು ಜನ ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಿದ್ದೂ ಉಂಟು. 1528ರ ಸುಮಾರಿಗೆ ಹಳ್ಳಿಗಳ ಚರ್ಚ್ ತಪಾಸಣೆಗೆ ಹೋದಾಗ ಬೇಜಾರಾಯಿತು. ಉಪವಾಸ ಕಾಣಿಕೆ ಎಲ್ಲ ಬಿಟ್ಟಿದ್ದರು, ಅದರ ಜಾಗಕ್ಕೆ ಏನೂ ಬಂದಿರಲಿಲ್ಲ. ಎಷ್ಟೋ ಪಾದ್ರಿಗಳಿಗೇ ಪಾಠ ಗೊತ್ತಿರಲಿಲ್ಲ. ಅದಕ್ಕೇ 1529ರಲ್ಲಿ ಮನೆ ಮನೆಗೆ ಪ್ರಶ್ನೋತ್ತರದ ಸಣ್ಣ ಪುಸ್ತಕ ತಂದರು. ಅದರಲ್ಲಿ ಮೊದಲು ಬರೋದೇ ಹತ್ತು ಆಜ್ಞೆಗಳು. ನಂಬಿದವನಿಗೆ ಆಜ್ಞೆಗಳೇ ಬೇಡ ಅಂತ ವಾದಿಸಿದ ಹಳೇ ಗೆಳೆಯ ಯೋಹಾನ್ ಅಗ್ರಿಕೋಲಾ ಜೊತೆ ಲೂಥರ್ ಜಗಳಕ್ಕೇ ಬಿದ್ದರು.

ಅಳಿಸಲಾಗದ ಕಲೆ

ಲೂಥರ್ ಬದುಕಿನಲ್ಲಿ ಮರೆಮಾಚಬಾರದ ವಿಷಯಗಳೂ ಇವೆ. 1525ರಲ್ಲಿ ಜರ್ಮನಿಯ ರೈತರು ದಂಗೆ ಎದ್ದರು. ಮೊದಲು ರೈತರ ಕಷ್ಟ ನಿಜ, ದೊರೆಗಳದ್ದೇ ತಪ್ಪು ಅಂದಿದ್ದ ಲೂಥರ್, ಹಿಂಸೆ ಶುರುವಾದ ಮೇಲೆ ರೈತರನ್ನು ಹೊಡೆದು ಹಾಕಿ ಅಂತ ದೊರೆಗಳಿಗೆ ಬರೆದರು. ದಂಗೆಯಲ್ಲಿ ಸತ್ತ ರೈತರು ಹತ್ತಾರು ಸಾವಿರ. ಸಾಮಾನ್ಯ ಜನ ಅವರ ಮೇಲೆ ಇಟ್ಟಿದ್ದ ವಿಶ್ವಾಸಕ್ಕೆ ದೊಡ್ಡ ಪೆಟ್ಟು ಬಿತ್ತು.

1543ರಲ್ಲಿ ಯೆಹೂದಿಗಳ ವಿರುದ್ಧ ಬರೆದ ಪುಸ್ತಕ ಇನ್ನೂ ಕೆಟ್ಟದ್ದು. ಅವರ ಪ್ರಾರ್ಥನಾ ಮಂದಿರ ಸುಡಬೇಕು, ಮನೆ ಕೆಡವಬೇಕು ಅಂತ ಬರೆದರು. ನಾಲ್ಕು ನೂರು ವರ್ಷದ ನಂತರ ನಾಜಿಗಳು ಇದನ್ನು ಬಳಸಿಕೊಂಡರು. ಲೂಥರನ್ ಚರ್ಚ್‌ಗಳೇ ಆಮೇಲೆ ಈ ಬರಹವನ್ನು ಬಹಿರಂಗವಾಗಿ ತಿರಸ್ಕರಿಸಿವೆ. ನಂಬಿಕೆಯ ಹಣ್ಣು ಪಕ್ಕದವನಿಗೆ ಸಿಗಬೇಕು ಅಂತ ಹೇಳಿದ ಮನುಷ್ಯನನ್ನು ಅದೇ ಅಳತೆಗೋಲಿನಲ್ಲಿ ಅಳೆದರೆ ಇಲ್ಲಿ ದೊಡ್ಡ ಕೊರತೆ ಕಾಣುತ್ತೆ.

ಕೊನೆಯ ದಿನಗಳು

1542ರಲ್ಲಿ 13 ವರ್ಷದ ಮಗಳು ಮಗ್ದಲೇನಾ ತಂದೆಯ ತೋಳಲ್ಲೇ ತೀರಿಕೊಂಡಳು. ಆ ನೋವು, ಜೊತೆಗೆ ಮೂತ್ರಕೋಶದ ಕಲ್ಲು, ಎದೆ ನೋವು ಲೂಥರ್ ಅವರನ್ನು ಹಣ್ಣು ಮಾಡಿದವು. 1546ರ ಜನವರಿಯಲ್ಲಿ ಹುಟ್ಟೂರಿನ ಜಮೀನ್ದಾರ ಮನೆತನದ ಅಣ್ಣತಮ್ಮಂದಿರ ಜಗಳ ಬಿಡಿಸೋಕೆ ಚಳಿಯಲ್ಲೇ ಐಸ್ಲೆಬೆನ್‌ಗೆ ಹೋದರು. ರಾಜಿ ಆಯಿತು. ಫೆಬ್ರವರಿ 18ರ ಬೆಳಗಿನ ಜಾವ ಅಲ್ಲೇ ಕೊನೆಯುಸಿರೆಳೆದರು. ವಯಸ್ಸು 62. ವಿಟೆನ್‌ಬರ್ಗ್‌ನ ಅದೇ ಕೋಟೆ ಚರ್ಚ್ ಒಳಗೆ ಸಮಾಧಿ ಇದೆ.

450 ವರ್ಷದ ನಂತರ ಒಪ್ಪಂದ

ಮರುವರ್ಷ, 1547ರಲ್ಲಿ ಟ್ರೆಂಟ್ ಸಭೆಯಲ್ಲಿ ಕಥೋಲಿಕ ಚರ್ಚ್ ತನ್ನ ಉತ್ತರ ಕೊಟ್ಟಿತು. ರಕ್ಷಣೆ ಶುರುವಾಗೋದು ದೇವರ ಕೃಪೆಯಿಂದಲೇ, ಮನುಷ್ಯ ತಾನಾಗಿ ಗಳಿಸಲಾರ. ಆದ್ರೆ ಬರೀ ನಂಬಿಕೆ ಸಾಲದು, ಆ ಕೃಪೆಗೆ ಮನುಷ್ಯ ಕೈಜೋಡಿಸಬೇಕು, ಪ್ರೀತಿ ಮತ್ತು ಕ್ರಿಯೆಯಲ್ಲಿ ಬೆಳೆಯಬೇಕು ಅಂತ ಹೇಳಿತು. 1563ರಲ್ಲಿ ಕ್ಷಮಾಪತ್ರದ ಹೆಸರಲ್ಲಿ ಹಣ ಮಾಡೋದನ್ನೂ ಇದೇ ಸಭೆ ನಿಲ್ಲಿಸಿತು. ಅಷ್ಟರಲ್ಲಿ ಬಿರುಕು ಗೋಡೆ ಆಗಿತ್ತು.

ಆ ಗೋಡೆಯಲ್ಲಿ ಬಾಗಿಲು ತೆರೆದಿದ್ದು 1999ರ ಅಕ್ಟೋಬರ್ 31ರಂದು. ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಚರ್ಚ್ ಮತ್ತು ಲೂಥರನ್ ವಿಶ್ವ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ನಮ್ಮ ಯೋಗ್ಯತೆಯಿಂದಲ್ಲ, ಒಳ್ಳೆ ಕೆಲಸ ಅದರ ಫಲ ಅನ್ನೋ ಮೂಲ ಮಾತಿಗೆ ಎರಡೂ ಕಡೆ ಒಪ್ಪಿಗೆ ಬಿತ್ತು. 2006ರಲ್ಲಿ ಮೆಥಡಿಸ್ಟ್ ಚರ್ಚ್‌ಗಳೂ ಸೇರಿದವು. ಎಲ್ಲ ಭಿನ್ನಾಭಿಪ್ರಾಯ ಮುಗಿದಿಲ್ಲ, ಆದ್ರೆ ಒಬ್ಬರನ್ನೊಬ್ಬರು ಶಪಿಸೋದು ನಿಂತಿದೆ.

ಕನ್ನಡ ನೆಲಕ್ಕೂ ಈ ಕಥೆಯ ಎಳೆ ಬಂದು ತಲುಪಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಪ್ರಾಟೆಸ್ಟೆಂಟ್ ಪರಂಪರೆಯವರು, ಅವರಲ್ಲಿ ಅನೇಕರು ಜರ್ಮನ್ನರು. ಜನರ ಭಾಷೆಯಲ್ಲೇ ಓದಿಸಬೇಕು ಅನ್ನೋದು ಅವರಿಗೆ ಲೂಥರ್ ಕಾಲದಿಂದ ಬಂದ ಪಾಠ. ಅದರಿಂದಲೇ ಅಚ್ಚುಕೂಟ, ಶಾಲೆಗಳು, 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಅವರ ಮಂಗಳೂರ ಸಮಾಚಾರ ಪತ್ರಿಕೆ, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಬಂದವು. ಧರ್ಮ ಯಾವುದೇ ಇರಲಿ, ಕನ್ನಡ ಓದೋ ಎಲ್ಲರೂ ಇವತ್ತಿಗೂ ಆ ನಿಘಂಟಿನ ಪ್ರಯೋಜನ ಪಡೀತಾ ಇದ್ದಾರೆ.